ಅಮ್ಮ, ಗಿಟಾರ್ ಮುಗಿಯಿತು

ಹೌನ್ಸ್ಲೋ, ಲಂಡನ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ, ಅಪ್ಪ,

ಇಬ್ಬರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಊಟ ತಿಂಡಿ ಸರಿಯಾಗಿ ನಡೆದಿದೆ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಬಾಟಲಿ ಇದೆ.

ನಾನೇ ಮಾಡುತ್ತಿದ್ದ ಎಲೆಕ್ಟ್ರಿಕ್ ಗಿಟಾರ್ ಮುಗಿಯಿತು! ನಿನ್ನೆ ಸಂಜೆ ತಂತಿ ಕಟ್ಟಿದ್ದು ಮೂರನೇ ಸಲ. ಈ ಸಲ ಸರಿಯಾಗಿ ಕೂತಿದೆ. ಇಡೀ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಅಪ್ಪ, ಹೋದ ತಿಂಗಳು ಫೋಟೊ ನೋಡಿ ನೀವೊಂದು ಪ್ರಶ್ನೆ ಕೇಳಿದಿರಿ. ‘ವೀಣೆಗೆ ಕೊಡ ಇದೆ, ತಂಬೂರಿಗೆ ಬುರುಡೆ ಇದೆ. ಇದು ಬರೀ ಹಲಗೆ. ದನಿ ಎಲ್ಲಿಂದ ಬರುತ್ತೆ?’ ಅಂತ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಹೋಯಿತು. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ. ಅಮ್ಮ ಓದಿ ಹೇಳಲಿ, ನೀವು ನಿಧಾನಕ್ಕೆ ಕೇಳಿ.

ಮೊದಲು, ಇದರ ಹುಚ್ಚು ಹಿಡಿದದ್ದು ಹೇಗೆ ಅಂತ ಹೇಳುತ್ತೇನೆ. ನಮ್ಮ ಪಕ್ಕದಲ್ಲೇ ಫೆಲ್ತಮ್ ಅಂತ ಊರಿದೆ. ಕ್ವೀನ್ ಅನ್ನುವ ರಾಕ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಬೆಳೆದದ್ದು ಅಲ್ಲೇ. 1963ರಲ್ಲಿ ಅವರಿನ್ನೂ ಶಾಲೆ ಹುಡುಗ. ಅಂಗಡಿಯ ಒಳ್ಳೆ ಗಿಟಾರ್ ಕೊಳ್ಳುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಅವರ ಅಪ್ಪ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು. ಅಪ್ಪ ಮಗ ಸೇರಿ ಮನೆಯಲ್ಲೇ ಗಿಟಾರ್ ಮಾಡಿದರು. ಹೆಚ್ಚು ಕಡಿಮೆ ಎರಡು ವರ್ಷ ಹಿಡಿಯಿತು. ಗಿಟಾರಿನ ಕತ್ತು, ಅಂದರೆ ತಂತಿ ಹಾಯುವ ಉದ್ದ ಭಾಗ, ಯಾರದೋ ಹಳೇ ಬೆಂಕಿಗೂಡಿನ ಮರದ ಪಟ್ಟಿಯದ್ದು. ಅದರಲ್ಲಿ ಹುಳ ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುಂಬಿ ಮುಚ್ಚಿದರು. ಸ್ಪ್ರಿಂಗು ಹಳೇ ಮೋಟಾರ್ ಬೈಕಿನದ್ದು. ಸ್ವರದ ಜಾಗ ತೋರಿಸಲು ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸುವ ಮೆಟ್ಟಿಲುಗಳ ಮಧ್ಯೆ ಗುರುತಿಗೆ ಇಟ್ಟ ಬಿಳಿ ಚುಕ್ಕೆಗಳು ಅವರ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಅದೇ ಗಿಟಾರನ್ನು 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಾವಣಿ ಮೇಲೆ ನಿಂತು ನುಡಿಸಿದರು. ಆ ಗುಂಡಿ ಡಬ್ಬಿಯ ವಿಷಯ ಓದಿದ ದಿನ ನನಗೆ ನಮ್ಮನೆ ನೆನಪಾಗಿ ಗಂಟಲು ಕಟ್ಟಿತು. ಅವತ್ತೇ ನಿರ್ಧಾರ ಮಾಡಿದೆ.

ನನ್ನ ಗಿಟಾರಿನ ಮೈ ಮರವೂ ಬೇರೆ ಕೆಲಸ ಮಾಡಿ ಬಂದದ್ದೇ. ಇಲ್ಲಿ ಕಟ್ಟಡಕ್ಕೆ ಸಾರ್ವೆ ಕಟ್ಟುವಾಗ ಓಡಾಡಲು ಹಾಕುತ್ತಾರಲ್ಲ, ಆ ಹಲಗೆ. 225 ಮಿ.ಮೀ. ಅಗಲ, 38 ಮಿ.ಮೀ. ದಪ್ಪ. ಹಳೇದಾದ ಮೇಲೆ ಅಗ್ಗಕ್ಕೆ ಮಾರುತ್ತಾರೆ. ಎರಡು ತುಂಡನ್ನು ಅಕ್ಕಪಕ್ಕ ಅಂಟಿಸಿದರೆ ಮೈ ಸಿದ್ಧ. ಮೆತ್ತನೆ ಮರ, ಉಗುರು ಒತ್ತಿದರೂ ಗುರುತು ಬೀಳುತ್ತೆ. ಆದರೆ ಹಗುರ. ಅಮೆರಿಕದ ಹೆಸರಾಂತ ಗಿಟಾರ್ ತಯಾರಕ ಲಿಯೋ ಫೆಂಡರ್ 1949ರಲ್ಲಿ ಮಾಡಿದ ಮೊದಲ ಮಾದರಿಯೂ ಸುಮ್ನೆ ಪೈನ್ ಮರದ್ದೇ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಗೊತ್ತಾ? ರೇಡಿಯೋ ರಿಪೇರಿ ಮಾಡುತ್ತಿದ್ದವರು. ಕತ್ತನ್ನು ಅಂಟಿನಿಂದ ಸೇರಿಸುವ ಬದಲು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಕೆಟ್ಟರೆ ಬಿಚ್ಚಬಹುದು, ಬದಲಾಯಿಸಬಹುದು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ ಅಂತ ನನ್ನ ಅನಿಸಿಕೆ. ನಾನೂ ಅದನ್ನೇ ಹಿಡಿದೆ.

ಇಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಯಂತ್ರದ ಗರಗಸ ಓಡಿಸಿದರೆ ಪಕ್ಕದ ಮನೆಯ ಮಗು ಏಳುತ್ತೆ. ಹಾಗಾಗಿ ಎಲ್ಲವೂ ಕೈಯಲ್ಲೇ. ಸಣ್ಣ ಅಲಗಿನ ಗರಗಸ, ಉಳಿ, ತೋಪಡ, ಅರ, ಕೈಬೈರಿಗೆ. ಕತ್ತು ಕೂರುವ ಕುಳಿ 16 ಮಿ.ಮೀ. ಆಳ. ಅದೊಂದನ್ನು ಉಳಿಯಲ್ಲಿ ಕೆತ್ತಲು ಎರಡು ಶನಿವಾರ ಹೋಯಿತು. ಕತ್ತನ್ನು ಕುಳಿಗೆ ಇಟ್ಟು ಮೈಯನ್ನು ಮೇಲೆತ್ತಿದರೆ, ಸ್ಕ್ರೂ ಇಲ್ಲದೆಯೂ ಬೀಳಬಾರದು. ಅಷ್ಟು ಬಿಗಿ ಬೇಕು. ಬೀಳಲಿಲ್ಲ ಅಪ್ಪ!

ಇನ್ನು ಬೀಟೆ ವಿಷಯ. ತಂತಿ ಒತ್ತುವ ಪಟ್ಟಿಗೆ ಗಟ್ಟಿ ಮರ ಬೇಕು. ಅಂಗಡಿಯಲ್ಲಿ ‘ಇಂಡಿಯನ್ ರೋಸ್‌ವುಡ್’ ಅಂತ ಚೀಟಿ ಅಂಟಿಸಿದ್ದರು. ತೋಪಡ ಹಾಕಿದೆ. ವಾಸನೆ ಬಂತು. ನಮ್ಮ ಗುಡ್ಡದ ಬೀಟೆಯ ವಾಸನೆಯೇ! ಚೂರು ಹೊತ್ತು ಕೆಲಸ ಬಿಟ್ಟು ಸುಮ್ನೆ ಕೂತೆ. ನಮ್ಮ ಜಾಗದಲ್ಲೇ ಬೆಳೆದ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು ಅಂತ ನೀವು ಓಡಾಡುತ್ತಿದ್ದದ್ದು ನೆನಪಿದೆ. 2017ರಿಂದ ದೇಶ ದೇಶಗಳ ನಡುವೆ ಸಾಗಿಸಲೂ ಬೀಟೆಗೆ ಕಾಗದಪತ್ರ ಬೇಕಾಯಿತು. 2019ರಲ್ಲಿ ಪೂರ್ತಿಯಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಹಾಗಾಗಿ ಇದನ್ನು ಊರಿಗೆ ತರಲು ತೊಂದರೆ ಇಲ್ಲ.

ಆ ಪಟ್ಟಿಯನ್ನೇ ನಾನು ಹಾಳು ಮಾಡಿದೆ. ಇದನ್ನು ಫೋನಿನಲ್ಲಿ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ಅಮ್ಮ, ನಿನ್ನ ವೀಣೆಯಲ್ಲಿ 24 ಮೆಟ್ಟಿಲು, ಸ್ಥಾಯಿಗೆ ಹನ್ನೆರಡು. ಗಿಟಾರಿನಲ್ಲೂ ಸ್ಥಾಯಿಗೆ ಹನ್ನೆರಡೇ. ಹನ್ನೆರಡನೇ ಮೆಟ್ಟಿಲಲ್ಲಿ ಮೇಲಿನ ಷಡ್ಜ, ಎರಡರಲ್ಲೂ. ಆದರೆ ನಿನ್ನ ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದ ಕೂರಿಸುತ್ತಾರೆ. ಮೇಳ ಕಟ್ಟಲು ಬರುತ್ತಿದ್ದ ಅಜ್ಜ ಮೇಣ ಬಿಸಿ ಮಾಡಿ, ತಂತಿ ಮೀಟಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಇಲ್ಲಿ ಆ ಅವಕಾಶ ಇಲ್ಲ. ಮರದಲ್ಲಿ ಗರಗಸದಿಂದ ಗೀರು ಕೊಯ್ದು, ಮೆಟ್ಟಿಲಾಗುವ ಲೋಹದ ತುಂಡನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಒಮ್ಮೆ ಕೊಯ್ದರೆ ಮುಗಿಯಿತು. ಜಾಗವನ್ನು ಮೊದಲೇ ಲೆಕ್ಕ ಹಾಕಬೇಕು.

ಲೆಕ್ಕ ಚಂದ ಇದೆ. ನನ್ನ ತಂತಿಯ ಉದ್ದ 648 ಮಿ.ಮೀ. ಅದನ್ನು 17.817ರಿಂದ ಭಾಗಿಸಿದರೆ 36.37. ಬಿರಡೆ ಕಡೆಯ ತುದಿಯಿಂದ ಅಷ್ಟು ದೂರಕ್ಕೆ ಮೊದಲ ಮೆಟ್ಟಿಲು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲುತ್ತೆ. ಕಾಗದದ ಮೇಲೆ ಬಂತು. ಮರದ ಮೇಲೆ ಬರಲಿಲ್ಲ. ಇಪ್ಪತ್ತೆರಡು ಗೀರು ಕೊಯ್ದು ಮುಗಿಸಿ ಅಳೆದರೆ ಹನ್ನೆರಡನೆಯದು ಒಂದೂವರೆ ಮಿ.ಮೀ. ಆಚೆ ಹೋಗಿತ್ತು.

ತಪ್ಪು ಏನು ಗೊತ್ತಾ ಅಪ್ಪ? ಒಂದು ಗೀರಿನಿಂದ ಮುಂದಿನ ಗೀರಿಗೆ ಅಳೆಯುತ್ತಾ ಹೋಗಿದ್ದೆ. ಪ್ರತಿ ಸಲದ ಚೂರು ತಪ್ಪೂ ಮುಂದಿನದಕ್ಕೆ ಸೇರುತ್ತಾ ಹೋಯಿತು. ಅಡಿಕೆ ಸಸಿ ನೆಡುವಾಗ ನೀವು ಎಷ್ಟು ಸಲ ಕೂಗಿದ್ದೀರಿ! ‘ಗುಂಡಿಯಿಂದ ಗುಂಡಿಗೆ ಅಳೀಬೇಡಿ, ಹಗ್ಗ ಎಳೆದು ಮೊದಲ ಗೂಟದಿಂದಲೇ ಅಳೀರಿ’ ಅಂತ. ಒಂಬತ್ತು ಅಡಿಯ ಲೆಕ್ಕದಲ್ಲಿ ಕಲಿತದ್ದನ್ನು ಮಿಲಿಮೀಟರ್ ಲೆಕ್ಕದಲ್ಲಿ ಮರೆತೆ. ಇನ್ನೊಂದು ಪಟ್ಟಿ ತಂದು, ಎಲ್ಲ ಇಪ್ಪತ್ತೆರಡನ್ನೂ ಒಂದೇ ತುದಿಯಿಂದ ಅಳೆದು ಗುರುತು ಹಾಕಿದೆ. ಸರಿ ಬಂತು. ಹಾಳಾದ ಪಟ್ಟಿಯನ್ನು ಎಸೆಯಲಿಲ್ಲ. ಬೀಟೆಯನ್ನು ಎಸೆಯಲು ಕೈ ಬರಲಿಲ್ಲ.

ಪಟ್ಟಿಯ ಕೆಳಗೆ ಕತ್ತು ಮೇಪಲ್ ಮರದ್ದು. ಅದರ ಹೊಟ್ಟೆಯಲ್ಲಿ ಉದ್ದಕ್ಕೂ ಉಕ್ಕಿನ ಸರಳು ಇಟ್ಟಿದ್ದೇನೆ. ಆರು ತಂತಿ ಸೇರಿ ಸುಮಾರು 45 ಕೆಜಿ ಬಲದಲ್ಲಿ ಎಳೆಯುತ್ತವೆ. ಸರಳು ಇಲ್ಲದಿದ್ದರೆ ಕತ್ತು ಬಿಲ್ಲಿನ ಹಾಗೆ ಬಾಗುತ್ತೆ. ತುದಿಯಲ್ಲಿ ಕೀಲಿ ಹಾಕಿ ತಿರುಗಿಸಿದರೆ ಬಾಗಿದ್ದನ್ನು ನೆಟ್ಟಗೆ ಮಾಡಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ ಅಪ್ಪ. ದನಿ ಎಲ್ಲಿಂದ?

ತಂತಿಗಳ ಕೆಳಗೆ ಒಂದು ಚಿಕ್ಕ ಪೆಟ್ಟಿಗೆ ಇದೆ, ಪಿಕಪ್ ಅಂತ ಹೆಸರು. ಒಳಗೆ ಆರು ಆಯಸ್ಕಾಂತದ ಗೂಟ, ತಂತಿಗೆ ಒಂದರಂತೆ. ಅವುಗಳ ಸುತ್ತ ತಾಮ್ರದ ಸುರುಳಿ. ಮೇಲಿನ ತಂತಿ ಉಕ್ಕಿನದು, ಆದ್ದರಿಂದ ಆಯಸ್ಕಾಂತದ ಪ್ರಭಾವ ಅದಕ್ಕೂ ತಗಲುತ್ತೆ. ತಂತಿ ಮೀಟಿದರೆ ಅದು ಅದುರುತ್ತೆ. ಅದುರಿದ ಹಾಗೆ ಸುರುಳಿಯೊಳಗಿನ ಆಯಸ್ಕಾಂತದ ಬಲ ಹೆಚ್ಚು ಕಡಿಮೆ ಆಗುತ್ತೆ. ಆಗ ತಾಮ್ರದಲ್ಲಿ ಚೂರೇ ಚೂರು ವಿದ್ಯುತ್ ಹುಟ್ಟುತ್ತೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತೆ. ಅಂದರೆ ಈ ವಾದ್ಯದ ಕೊಡ ಹೊರಗಿದೆ, ವೈರಿನ ಆ ತುದಿಯಲ್ಲಿ. ವಿಜ್ಞಾನಿ ಮೈಕಲ್ ಫ್ಯಾರಡೆ 1831ರಲ್ಲಿ ಇದೇ ಲಂಡನ್ನಿನಲ್ಲಿ ಕಂಡುಹಿಡಿದ ವಿಷಯ ಇದು. ನಮ್ಮ ಲಿಂಗನಮಕ್ಕಿಯ ಕರೆಂಟೂ ಇದೇ ತತ್ವದಿಂದ ಹುಟ್ಟೋದು. ಅಲ್ಲಿ ಶರಾವತಿ ನೀರು ತಿರುಗಿಸುತ್ತೆ, ಇಲ್ಲಿ ಬೆರಳು ಮೀಟುತ್ತೆ.

ಆ ಸುರುಳಿಯನ್ನು ನಾನೇ ಸುತ್ತಿದೆ. ತಾಮ್ರದ ಎಳೆ 0.06 ಮಿ.ಮೀ.ಗಿಂತ ಚೂರು ದಪ್ಪ, ಕೂದಲಿನಷ್ಟೇ. ಸುಮಾರು 8000 ಸುತ್ತು ಬೇಕು. ಕೈಬೈರಿಗೆಯನ್ನು ಮೇಜಿಗೆ ಬಿಗಿದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸುರುಳಿ ನಾಲ್ಕು ಸುತ್ತು. ಲೆಕ್ಕ ತಪ್ಪದಂತೆ ಹಿಡಿಯ ನೂರು ಸುತ್ತಿಗೊಂದು ಹುಣಸೆಬೀಜ ಎತ್ತಿಡುತ್ತಿದ್ದೆ. ಮೊದಲ ಸಲ ಒಂಬತ್ತು ಬೀಜಕ್ಕೆ ಎಳೆ ಟಪ್ ಅಂತ ಕಡಿಯಿತು. ಎರಡನೇ ಸಲ ಎಳೆಯನ್ನು ಬೆರಳ ನಡುವೆ ಹಿಡಿಯಲಿಲ್ಲ, ಅದರ ಪಾಡಿಗೆ ಜಾರಲು ಬಿಟ್ಟೆ. ಇಪ್ಪತ್ತು ಬೀಜ ಮುಗಿಯಿತು. ಮೀಟರ್ ಹಿಡಿದರೆ ವಿದ್ಯುತ್ ರೋಧ 6 ಕಿಲೋ ಓಮ್ ಹತ್ತಿರ ತೋರಿಸಿತು. ಇಷ್ಟು ಸುತ್ತಿಗೆ ಅಷ್ಟೇ ಬರಬೇಕು.

ಮೊದಲು ಪ್ಲಗ್ ಹಾಕಿದಾಗ ಬಂದದ್ದು ಸ್ವರ ಅಲ್ಲ, ಗುಂಯ್ ಅನ್ನುವ ಸದ್ದು. ತಂತಿ ಮುಟ್ಟಿದರೂ ಕಡಿಮೆಯಾಗಲಿಲ್ಲ. ಕೆಳ ತುದಿಯಲ್ಲಿ ತಂತಿಗಳು ಕೂರುವ ಲೋಹದ ಭಾಗ, ಅದೇ ಕುದುರೆ, ಅದರಿಂದ ಅರ್ತ್ ವೈರು ಹಾಕಲು ಮರೆತಿದ್ದೆ. ಬೆಸೆದೆ, ಕುಳಿಯ ಒಳಗೆಲ್ಲ ತಾಮ್ರದ ಟೇಪು ಅಂಟಿಸಿದೆ. ಸದ್ದು ಅಡಗಿತು.

ಆಮೇಲಿನದ್ದು ನಿನಗೆ ಗೊತ್ತು ಅಮ್ಮ. ವೀಡಿಯೊ ಕಾಲ್ ಮಾಡಿ ನುಡಿಸಿದೆ. ನೀನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೇಳಿ, ‘ಖಾಲಿ ತಂತಿ ಸರಿಯಿದೆ. ಮೊದಲೆರಡು ಮೆಟ್ಟಿಲು ಏರಿದೆ. ಮೇಲೆ ಹೋದ ಹಾಗೆ ಸರಿಯಾಗುತ್ತೆ’ ಅಂದೆ. ಫೋನಿನ ಸ್ಪೀಕರಿನಲ್ಲಿ, ಏಳು ಸಾವಿರ ಕಿಲೋಮೀಟರಿಗೂ ಆಚೆಯಿಂದ! ನಾನು ಒಪ್ಪಲಿಲ್ಲ, ಲೆಕ್ಕ ಸರಿ ಇದೆ ಅಂದೆ. ಕ್ಷಮಿಸು. ಫೋನ್ ಇಟ್ಟ ಮೇಲೆ ಟ್ಯೂನರ್ ಹಿಡಿದು ನೋಡಿದೆ. ಮೊದಲ ಮೆಟ್ಟಿಲು ಅರೆಸ್ವರದ ನೂರರಲ್ಲಿ 15 ಪಾಲು ಏರಿತ್ತು.

ಮೆಟ್ಟಿಲು ತಪ್ಪಿರಲಿಲ್ಲ. ಬಿರಡೆ ಕಡೆಯ ತುದಿಯಲ್ಲಿ ತಂತಿ ಕೂರಲು ಎಲುಬಿನ ಪಟ್ಟಿ ಇದೆ. ಅದರ ಗೀರುಗಳು ಸಾಕಷ್ಟು ಆಳ ಇರಲಿಲ್ಲ. ತಂತಿ ಎತ್ತರದಲ್ಲಿ ನಿಂತಿತ್ತು. ಮೊದಲ ಮೆಟ್ಟಿಲಿಗೆ ಒತ್ತಬೇಕಾದರೆ ಜಾಸ್ತಿ ಬಗ್ಗಿಸಬೇಕು. ಬಗ್ಗಿಸಿದರೆ ಬಿಗಿಯಾಗುತ್ತೆ, ಬಿಗಿಯಾದರೆ ಶ್ರುತಿ ಏರುತ್ತೆ. ನೀನು ಗಮಕಕ್ಕೆ ತಂತಿ ಎಳೆಯುತ್ತೀಯಲ್ಲ, ಅದೇ ಇಲ್ಲಿ ಬೇಡದ ಕಡೆ ಆಗುತ್ತಿತ್ತು. ಸಣ್ಣ ಅರದಿಂದ ಒಂದೊಂದೇ ಗೀರನ್ನು ಇಳಿಸಿದೆ. ಮೂರನೇ ಮೆಟ್ಟಿಲಲ್ಲಿ ಒತ್ತಿ ಹಿಡಿದು ನೋಡಬೇಕು. ಆಗ ಮೊದಲ ಮೆಟ್ಟಿಲಿಗೂ ತಂತಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಉಳಿಯಬೇಕು. ಅದಕ್ಕಿಂತ ಇಳಿಸಿದರೆ ಖಾಲಿ ತಂತಿ ಮೆಟ್ಟಿಲಿಗೆ ತಾಗಿ ಜುಯ್ ಅನ್ನುತ್ತೆ. ಮೂರು ಸಂಜೆ ಹಿಡಿಯಿತು. ನಿನ್ನೆ ಮುಗಿಯಿತು.

ದುಡ್ಡಿನ ಲೆಕ್ಕ ನೋಡಿದರೆ ಅಂಗಡಿಯ ಗಿಟಾರೇ ಅಗ್ಗ ಬೀಳುತ್ತಿತ್ತು, ಅದನ್ನು ಮುಚ್ಚಿಡೋದಿಲ್ಲ ಅಪ್ಪ. ಉಪಕರಣಗಳಿಗೇ ಜಾಸ್ತಿ ಹೋಯಿತು. ಆದರೆ ಅವು ಇನ್ನು ನನ್ನವು. ಅಮ್ಮ, ಬೀಟೆ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿದೆ. ಗಿಟಾರಿನ ಮೈಗೆ ಎಣ್ಣೆ ಹಚ್ಚಿದ ಬಟ್ಟೆಗಳನ್ನು ಮುದುಡಿ ಇಟ್ಟರೆ ತಾವಾಗಿಯೇ ಬಿಸಿಯಾಗಿ ಬೆಂಕಿ ಹತ್ತುತ್ತವಂತೆ. ಅದಕ್ಕೆ ಹೊರಗೆ ಹರಡಿ ಒಣಗಿಸಿದೆ. ಚಿಂತೆ ಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ಗಿಟಾರಿನಲ್ಲಿ ಹನ್ನೆರಡನೇ ಮೆಟ್ಟಿಲು ಅರ್ಧದಲ್ಲಿದ್ದರೂ, ಒತ್ತಿದಾಗ ಶ್ರುತಿ ಏರುವುದಕ್ಕೆ ಸರಿದೂಗಿಸಲು ಕುದುರೆಯನ್ನು ಒಂದೆರಡು ಮಿ.ಮೀ. ಹಿಂದೆ ಸರಿಸಬೇಕಾಯಿತು. ನಿನ್ನ ವೀಣೆಯಲ್ಲಿ ಇದನ್ನು ಹೇಗೆ ಮಾಡಿದ್ದಾರೆ ಅಂತ ತಿಳಿಯುವ ಆಸೆ. ಸಾರಣಿ ತಂತಿ ಬಿರಡೆ ಕಡೆ ಎಲ್ಲಿ ಕೂರುತ್ತೋ ಅಲ್ಲಿಂದ ಹನ್ನೆರಡನೇ ಮೆಟ್ಟಿಲಿಗೆ ಎಷ್ಟು, ಅದೇ ತುದಿಯಿಂದ ಕುದುರೆಗೆ ಎಷ್ಟು, ಅಳೆದು ಬರೆದು ಕಳಿಸು. ಹೊಲಿಗೆಯ ಟೇಪು ಬೇಡ, ಅದು ಹಿಗ್ಗಿರುತ್ತೆ. ಅಪ್ಪನ ಉಕ್ಕಿನ ಟೇಪು ತೆಗೆದುಕೋ. ಎರಡೂ ಅಳತೆ ಒಂದೇ ತುದಿಯಿಂದ ಇರಲಿ, ಅಪ್ಪ ಪಕ್ಕದಲ್ಲಿ ನಿಂತು ನೋಡಿಕೊಳ್ಳಲಿ.

ನಿಮ್ಮ ಪ್ರೀತಿಯ ಮಗಳು