ಕಥೆಯಾಟ ನಡೆಸಲು ಕಲಿಯುವವರಿಗೂ ಅವಕಾಶ ಬೇಕು

ಮಾನ್ಯ ಸಂಪಾದಕರೇ,

ರಜೆಯ ದಿನಗಳಲ್ಲಿ ಮಕ್ಕಳೂ ಯುವಕರೂ ಮೊಬೈಲ್ ಬದಿಗಿಟ್ಟು ಒಟ್ಟಿಗೆ ಕುಳಿತು ಆಡುವ ಆಟಗಳ ಕುರಿತು ಪತ್ರಿಕೆಗಳಲ್ಲಿ ಬರಹಗಳು ಬರುತ್ತಿರುವುದು ಸಂತೋಷದ ವಿಷಯ. ಆದರೆ ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಕಟ್ಟುತ್ತ ಆಡುವ ಕಥೆಯಾಟಗಳ ಪ್ರಸ್ತಾಪ ಬಂದಾಗ ಆಡುವವರ ಅನುಭವವಷ್ಟೇ ಕಾಣಿಸುತ್ತದೆ. ಆಟವನ್ನು ನಡೆಸುವ ಗೇಮ್ ಮಾಸ್ಟರ್ ತನ್ನ ಕೆಲಸವನ್ನು ಕಲಿಯುವುದು ಹೇಗೆ ಎಂಬ ಮಾತು ಬರುವುದಿಲ್ಲ. ಹಾಸನದ ನನ್ನ ಮನೆಯಲ್ಲಿ ಗೆಳೆಯರೊಂದಿಗೆ ಇಂಥ ಆಟ ನಡೆಸುತ್ತಿರುವ ನನಗೆ ಇದು ದೊಡ್ಡ ಕೊರತೆಯಾಗಿ ಕಂಡಿದೆ.

ಈ ಬಗೆಯ ಆಟಗಳಿಗೆ ದಾರಿ ಹಾಕಿಕೊಟ್ಟದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಾನು ಮೊದಲು ಕಲಿತದ್ದೂ ಅದನ್ನೇ. ಅಲ್ಲಿ ನಕ್ಷೆ, ಶತ್ರುಗಳು, ಅಪಾಯಗಳನ್ನು ಗೇಮ್ ಮಾಸ್ಟರ್ ಸಾಮಾನ್ಯವಾಗಿ ಮೊದಲೇ ಸಿದ್ಧಪಡಿಸಿಕೊಂಡಿರುತ್ತಾನೆ; ಶತ್ರುಗಳ ಪರವಾಗಿ ತಾನೂ ದಾಳ ಹಾಕುತ್ತಾನೆ. 2010ರಲ್ಲಿ ವಿನ್ಸೆಂಟ್ ಬೇಕರ್ ಹೊರತಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಆಟದಲ್ಲಿ ಹಾಗಿಲ್ಲ. ದಾಳ ಹಾಕುವವರು ಆಟಗಾರರು ಮಾತ್ರ. ಆರು ಮುಖದ ಎರಡು ದಾಳಗಳ ಮೊತ್ತಕ್ಕೆ ಪಾತ್ರದ ಸಾಮರ್ಥ್ಯದ ಅಂಕಿ ಸೇರಿಸಿದಾಗ 10 ಅಥವಾ ಹೆಚ್ಚು ಬಂದರೆ ಕೆಲಸ ಪೂರ್ತಿ ಕೈಗೂಡುತ್ತದೆ, 7ರಿಂದ 9 ಬಂದರೆ ಕೈಗೂಡಿದರೂ ಅದಕ್ಕೊಂದು ಬೆಲೆ ತೆರಬೇಕಾಗುತ್ತದೆ, 6 ಅಥವಾ ಕಡಿಮೆ ಬಂದರೆ ಮುಂದೇನಾಗುತ್ತದೆಂದು ಗೇಮ್ ಮಾಸ್ಟರ್ ಹೇಳುತ್ತಾನೆ.

ನಿಯಮವೇನೋ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ನಡೆಸುವುದು ಮಾತ್ರ ಸುಲಭವಲ್ಲ, ಮತ್ತು ಕಷ್ಟವೆಲ್ಲ ಆ ನಡುವಿನ ಗರದಲ್ಲಿದೆ. ಎರಡು ದಾಳಗಳು ಬೀಳಬಹುದಾದ ಬಗೆಗಳು 36. ಸಾಮರ್ಥ್ಯದ ಅಂಕಿ 1 ಆಗಿದ್ದಾಗ ಅವುಗಳಲ್ಲಿ 16 ನಡುವಿನ ಫಲಕ್ಕೆ ಸೇರುತ್ತವೆ, ಪೂರ್ಣ ಗೆಲುವಿಗೆ 10, ಸೋಲಿಗೆ 10. ಹೀಗಾಗಿ ನಡುವಿನ ಫಲವನ್ನು ನಿಭಾಯಿಸಲಾರದವರಿಗೆ ಈ ಆಟ ಕೈಗೆ ಹತ್ತುವುದಿಲ್ಲ. ಈ ಪದ್ಧತಿಯಲ್ಲಿ ಆಟ ನಡೆಸಿದ ನನ್ನ ಮೊದಲ ಸಂಜೆ ಹಾಗೆಯೇ ಹಾಳಾಯಿತು. ನಮ್ಮ ಕಥೆ ಶಿರಾಡಿ ಘಾಟಿಯ ಮಳೆಯಲ್ಲಿ ಕೆಟ್ಟು ನಿಂತ ಲಾರಿಯೊಂದರಿಂದ ಶುರುವಾಗಿತ್ತು. ಲಾರಿಯ ಕ್ಲೀನರ್ ಕತ್ತಲಲ್ಲಿ ಒಂಟಿ ಸಲಗದ ಕಣ್ಣು ತಪ್ಪಿಸಿ, ಕಾಫಿ ತೋಟ ದಾಟಿ, ಕೂಲಿಕಾರರ ಲೈನ್ ಮನೆಗಳನ್ನು ತಲುಪಬೇಕಿತ್ತು. ಮೊತ್ತ 8 ಬಂತು. ‘ತಲುಪಿದೆ, ಆದರೆ ಜಾರಿಬಿದ್ದು ಮೊಣಕಾಲು ತರಚಿತು’ ಎಂದು ನಾನು ಹೇಳಿದೆ. ಅದರಿಂದ ಯಾವ ಪ್ರಶ್ನೆಯೂ ಹುಟ್ಟಲಿಲ್ಲ. ಕಥೆ ಅಲ್ಲಿಯೇ ನಿಂತಿತು. ಕ್ಲೀನರ್ ಕ್ಷೇಮವಾಗಿ ತಲುಪಿದನು, ಆದರೆ ಸಲಗ ಅವನ ಹಿಂದೆಯೇ ಮಕ್ಕಳು ಮಲಗಿರುವ ಲೈನಿನತ್ತ ತಿರುಗಿತು ಎಂದಿದ್ದರೆ, ಎಚ್ಚರಿಸಲು ಕೂಗಬೇಕೋ ಉಸಿರು ಬಿಗಿಹಿಡಿದು ಕುಳಿತಿರಬೇಕೋ ಎಂದು ಆಟಗಾರನೇ ತೀರ್ಮಾನಿಸಬೇಕಾಗುತ್ತಿತ್ತು. ತೆರುವ ಬೆಲೆ ಮುಂದಿನ ಸನ್ನಿವೇಶವನ್ನು ತೆರೆಯಬೇಕೆಂಬುದು ನನಗೆ ಹೊಳೆದದ್ದು ಮೂರನೆಯ ಬೈಠಕ್ಕಿನಲ್ಲಿ.

ಇನ್ನೊಂದು ತಪ್ಪನ್ನೂ ಹೇಳಬೇಕು. ಹಳೆಯ ಅಭ್ಯಾಸದಂತೆ ನಾನು ಕಥೆಯ ಕೊನೆಯನ್ನು ಬರೆದಿಟ್ಟುಕೊಂಡಿದ್ದೆ ಮತ್ತು ಆಟಗಾರರು ಎತ್ತ ಹೋದರೂ ಅವರನ್ನು ಅಲ್ಲಿಗೇ ಎಳೆದು ತರುತ್ತಿದ್ದೆ. ತಾಳಮದ್ದಳೆ ಕೇಳಿದವರಿಗೆ ಇಲ್ಲಿನ ವ್ಯತ್ಯಾಸ ಬೇಗ ತಿಳಿಯುತ್ತದೆ. ಅರ್ಥಧಾರಿಗಳು ಬರೆದಿಟ್ಟ ಮಾತಿಲ್ಲದೆ ಸ್ಥಳದಲ್ಲೇ ವಾದ ಕಟ್ಟುತ್ತಾರೆ, ಮಾತು ಬೆಳೆದಾಗ ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಪ್ರಸಂಗವನ್ನು ಮುನ್ನಡೆಸುತ್ತಾರೆ. ಗೇಮ್ ಮಾಸ್ಟರ್ ಕಲಿಯಬೇಕಾದದ್ದು ಭಾಗವತರ ಆ ಸಮಯಪ್ರಜ್ಞೆಯನ್ನೇ. ಆದರೆ ಪ್ರಸಂಗದಲ್ಲಿ ಕರ್ಣನ ಕೊನೆ ಮೊದಲೇ ನಿಶ್ಚಿತ. ಈ ಆಟದಲ್ಲಿ ಕ್ಲೀನರ್‌ನ ಕೊನೆ ಯಾರಿಗೂ ತಿಳಿದಿರಬಾರದು, ನಡೆಸುವವರಿಗಂತೂ ತಿಳಿದಿರಲೇಬಾರದು. ಈಗ ನಾನು ಯಾರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತದೆ ಎಂಬಷ್ಟನ್ನು ಮಾತ್ರ ಅರ್ಧ ಪುಟದಲ್ಲಿ ಬರೆದುಕೊಂಡು ಕೂರುತ್ತೇನೆ.

ಮೊದಲ ಸಂಜೆ ಕೆಟ್ಟಿತೆಂದು ಪದ್ಧತಿಯನ್ನೇ ದೂರಿ ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಅವರಿಗೆ ಕಲಿಯುವ ಜಾಗ ಇರಲಿಲ್ಲ. ಆದ್ದರಿಂದ ಹಾಸನ, ಚಿಕ್ಕಮಗಳೂರುಗಳಲ್ಲಿ ಬೇಸಿಗೆ ಶಿಬಿರ ಏರ್ಪಡಿಸುವವರೂ ಗ್ರಂಥಾಲಯಗಳವರೂ ತಿಂಗಳಿಗೊಂದು ಭಾನುವಾರವನ್ನು ಹೊಸದಾಗಿ ಆಟ ನಡೆಸಲು ಕಲಿಯುವವರಿಗೆ ಮೀಸಲಿಡಬೇಕೆಂದು ಕೋರುತ್ತೇನೆ. ಎರಡು ಗಂಟೆಯ ಕಿರು ಆಟ, ಬಳಿಕ ಕಥೆ ಎಲ್ಲಿ ನಿಂತಿತೆಂದು ಆಟಗಾರರಿಂದ ಅರ್ಧ ಗಂಟೆಯ ಮುಕ್ತ ಮಾತು, ಇಷ್ಟು ಸಾಕು. ಖರ್ಚು ಎರಡು ದಾಳ, ಕೆಲವು ಹಾಳೆಗಳಷ್ಟೇ. ನಿಯಮಗಳ ಕನ್ನಡ ಹಾಳೆಯೊಂದನ್ನು ನಾನು ಸಿದ್ಧಪಡಿಸಿಕೊಂಡಿದ್ದೇನೆ. ಯಾವ ಸಂಸ್ಥೆ ಮುಂದೆ ಬಂದರೂ ಅದನ್ನು ಉಚಿತವಾಗಿ ಕೊಟ್ಟು, ಮೊದಲ ಕೆಲವು ಭಾನುವಾರ ನಾನೇ ಬಂದು ಜೊತೆಗೆ ಕೂರುತ್ತೇನೆ.

ಇಂತಿ,
ಪ್ರೌಢಶಾಲಾ ಶಿಕ್ಷಕ, ಹಾಸನ