ಕ್ಯೂಬಾದ ವೈದ್ಯರ ಕುರಿತ ಚರ್ಚೆ: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಕ್ಯೂಬಾ ಸರ್ಕಾರ ವಿದೇಶಗಳಿಗೆ ಕಳುಹಿಸುವ ವೈದ್ಯರ ವಿಷಯವನ್ನು ಭಾನುವಾರದ ಚರ್ಚೆಗೆ ಎತ್ತಿಕೊಂಡಿದ್ದೇವೆ. 1963ರಲ್ಲಿ ಅಲ್ಜೀರಿಯಾದಲ್ಲಿ ಆರಂಭವಾದ ಈ ಸೇವೆ ಅಸಂಖ್ಯ ಬಡವರನ್ನು ತಲುಪಿದೆ; 2014ರಲ್ಲಿ ಎಬೋಲಾ ಹಬ್ಬಿದ್ದ ಪಶ್ಚಿಮ ಆಫ್ರಿಕಾಕ್ಕೆ ಹೋದ ವೈದ್ಯರ ಧೈರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಗೌರವವಿರುವುದರಿಂದಲೇ ಅವರ ದುಡಿಮೆಯ ಷರತ್ತುಗಳು ನನ್ನನ್ನು ಕಾಡುತ್ತವೆ.

2013ರಲ್ಲಿ ಬ್ರೆಜಿಲ್ ಆರಂಭಿಸಿದ 'ಮೈಸ್ ಮೆಡಿಕೋಸ್' (ಹೆಚ್ಚು ವೈದ್ಯರು) ಎಂಬ, ವೈದ್ಯರ ಕೊರತೆಯಿದ್ದ ಊರುಗಳಿಗೆ ವೈದ್ಯರನ್ನು ಒದಗಿಸುವ ಯೋಜನೆಯಲ್ಲಿ ಇತರ ದೇಶಗಳ ವೈದ್ಯರಿಗೆ ತಿಂಗಳಿಗೆ 10,000 ರಿಯಲ್ (ಬ್ರೆಜಿಲ್‌ನ ಹಣ) ನೇರವಾಗಿ ಸಿಗುತ್ತಿದ್ದರೆ, ಕ್ಯೂಬಾದವರ ಪಾಲಿನ ಬಹುಭಾಗ ಅವರ ಸರ್ಕಾರಕ್ಕೆ ಹೋಗುತ್ತಿತ್ತು. ಆ ಹಣದಿಂದಲೇ ತವರಿನ ಉಚಿತ ಚಿಕಿತ್ಸೆ ನಡೆಯುತ್ತದೆ ಎಂಬುದು ಕ್ಯೂಬಾ ಸರ್ಕಾರದ ಸಮರ್ಥನೆ. ಅದನ್ನು ಒಪ್ಪಿದರೂ, ಅನುಮತಿಯಿಲ್ಲದೆ ಮಾಧ್ಯಮದೊಂದಿಗೆ ಮಾತನಾಡಬಾರದು, ಪ್ರೇಮಸಂಬಂಧವನ್ನೂ ಮೇಲಧಿಕಾರಿಗೆ ತಿಳಿಸಬೇಕು ಎನ್ನುವ 2010ರ ಶಿಸ್ತಿನ ನಿಯಮಗಳಿಗೂ, ಕೆಲಸ ಬಿಟ್ಟವರು ಎಂಟು ವರ್ಷ ತಾಯ್ನಾಡಿಗೆ ಮರಳದಂತೆ, ಅಂದರೆ ಮಕ್ಕಳ ಮುಖವನ್ನೂ ನೋಡದಂತೆ, ತಡೆಯುವುದಕ್ಕೂ ಯಾವ ಸಮರ್ಥನೆಯಿದೆ? ದಂಡನೆಯ ಬೆದರಿಕೆಯೊಡ್ಡಿ, ಸ್ವಇಚ್ಛೆಯಿಲ್ಲದವರಿಂದ ಮಾಡಿಸಿಕೊಳ್ಳುವ ಕೆಲಸವೇ ಬಲವಂತದ ದುಡಿಮೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಒಡಂಬಡಿಕೆ ಹೇಳುತ್ತದೆ. ವಿಶ್ವಸಂಸ್ಥೆಯ ವಿಶೇಷ ವರದಿಗಾರರು (ಮಾನವ ಹಕ್ಕುಗಳ ಸ್ವತಂತ್ರ ತಜ್ಞರು) 2019ರಲ್ಲಿ ಕ್ಯೂಬಾಕ್ಕೆ ಬರೆದ ಪತ್ರದಲ್ಲಿ ಇದೇ ಆತಂಕವನ್ನು ವ್ಯಕ್ತಪಡಿಸಿದ್ದರು.

ಒಂದು ವಿನಂತಿ: ಈಗಲೂ ಸೇವೆಯಲ್ಲಿರುವ ವೈದ್ಯರ ಹೆಸರು, ಭಾವಚಿತ್ರ ಅಥವಾ ಧ್ವನಿಮುದ್ರಣಗಳನ್ನು ದಯವಿಟ್ಟು ಇಲ್ಲಿ ಹಂಚಿಕೊಳ್ಳಬೇಡಿ, ಅದರಿಂದ ಅವರಿಗೂ ಊರಿನಲ್ಲಿರುವ ಅವರ ಕುಟುಂಬಕ್ಕೂ ತೊಂದರೆಯಾಗಬಹುದು.