ಹೊಸ ಹುಡುಗರಿಗೆ ಬಿರುದು ಬೇಡ, ಕೈತುಂಬ ಸಿನಿಮಾ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದೊಡ್ಡ ನಟರ ಹುಟ್ಟುಹಬ್ಬ ಬಂದರೆ, ಪುಣ್ಯತಿಥಿ ಬಂದರೆ, ಹಳೆಯ ಸಿನಿಮಾ ಮತ್ತೆ ಬಿಡುಗಡೆಯಾದರೆ ಸಾಕು, ಪತ್ರಿಕೆಯ ಸಿನಿಮಾ ಪುಟದಲ್ಲೂ ಟಿವಿಯಲ್ಲೂ ಅದೇ ಚರ್ಚೆ ಶುರುವಾಗುತ್ತದೆ. ಅಣ್ಣಾವ್ರ ಜಾಗ ಯಾರು ತುಂಬುತ್ತಾರೆ? ವಿಷ್ಣು ದಾದಾ ಜಾಗ? ಅಪ್ಪು ಜಾಗ? ಚರ್ಚೆ ಎಲ್ಲಿಂದ ಶುರುವಾದರೂ ಕೊನೆಗೆ ಎಲ್ಲರೂ ಹೇಳುವುದು ಒಂದೇ, ಅಂಥವರು ಇನ್ನು ಹುಟ್ಟುವುದಿಲ್ಲ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಹುಡುಗರಲ್ಲಿ ಪ್ರತಿಭೆ ಇದೆ, ಬೇಕಾದಷ್ಟಿದೆ. ಆ ದೊಡ್ಡವರಿಗೆ ಸಿಕ್ಕಿದ್ದು ಇವರಿಗೆ ಸಿಗುತ್ತಿಲ್ಲ, ಕೊರತೆ ಇರುವುದು ಅಲ್ಲಿ.

ಮೊದಲು ಲೆಕ್ಕ ನೋಡೋಣ. ರಾಜ್‌ಕುಮಾರ್ 1954ರಲ್ಲಿ ‘ಬೇಡರ ಕಣ್ಣಪ್ಪ’ ಮಾಡಿದಾಗ ಅವರಿಗೆ 25 ವರ್ಷ. ಅವರ ನೂರನೇ ಸಿನಿಮಾ ‘ಭಾಗ್ಯದ ಬಾಗಿಲು’ 1968ರಲ್ಲೇ ಬಂತು. ಹದಿನಾಲ್ಕು ವರ್ಷಕ್ಕೆ ನೂರು ಸಿನಿಮಾ! ಅವೆಲ್ಲ ಚಿನ್ನದಂಥ ಸಿನಿಮಾಗಳೇನಲ್ಲ, ಓಡದವು ಇದ್ದವು, ಈಗ ಹೆಸರೂ ನೆನಪಿಲ್ಲದವು ಇದ್ದವು. ಆದರೆ ಅದರಲ್ಲಿ ಅವರು ಭಕ್ತನಾದರು, ರಾಜನಾದರು, ಹಳ್ಳಿಯವನಾದರು, ಪತ್ತೇದಾರನಾದರು, ಕಾಲೇಜು ಹುಡುಗನಾದರು. ಒಂದು ಪಾತ್ರ ಜನಕ್ಕೆ ಹಿಡಿಸದಿದ್ದರೆ ಮುಂದಿನ ತಿಂಗಳು ಇನ್ನೊಂದು ಬರುತ್ತಿತ್ತು. ಶಂಕರ್ ನಾಗ್ ಅವರನ್ನೇ ನೋಡಿ. 1978ರಿಂದ 1990ರವರೆಗೆ ಬರೀ ಹನ್ನೆರಡು ವರ್ಷ, ಅಷ್ಟರಲ್ಲಿ 80ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದರು, ಜೊತೆಗೆ ನಿರ್ದೇಶನ, ನಾಟಕ, ‘ಮಾಲ್ಗುಡಿ ಡೇಸ್’. ಆನಗೋಡಿನ ಹತ್ತಿರ ಅಪಘಾತದಲ್ಲಿ ಹೋದಾಗ ಅವರಿಗೆ 35 ವರ್ಷ. ಇವತ್ತಿಗೂ ನಮ್ಮ ಕಡೆ ಆಟೊಗಳ ಹಿಂದೆ ಅವರ ಫೋಟೊ ಇರುತ್ತದಲ್ವಾ, ಅದು ಸುಮ್ನೆ ಬಂದಿದ್ದಲ್ಲ.

ಈಗ ಇವತ್ತಿನವರ ಲೆಕ್ಕ. ‘ಕೆಜಿಎಫ್ 2’ 2022ರ ಏಪ್ರಿಲ್‌ನಲ್ಲಿ ಬಂತು, ದೇಶವೇ ತಿರುಗಿ ನೋಡಿತು, ನಾವೂ ಎದೆಯುಬ್ಬಿಸಿ ಓಡಾಡಿದೆವು. ಆಮೇಲೆ 2023, 2024, 2025 ಮೂರೂ ವರ್ಷ ಯಶ್ ಅವರ ಒಂದು ಸಿನಿಮಾನೂ ಬರಲಿಲ್ಲ. ಧ್ರುವ ಸರ್ಜಾ 2012ರಲ್ಲಿ ‘ಅದ್ಧೂರಿ’ಯಿಂದ ಶುರು ಮಾಡಿದರು, 2024ರ ‘ಮಾರ್ಟಿನ್’ವರೆಗೆ ಪೂರ್ತಿ ನಾಯಕನಾಗಿ ಬಂದದ್ದು ಐದೇ ಸಿನಿಮಾ. ‘ಕಾಂತಾರ’ 2022ರ ಸೆಪ್ಟೆಂಬರ್‌ನಲ್ಲಿ, ಅದರ ಮುಂದಿನದು 2025ರ ಅಕ್ಟೋಬರ್‌ನಲ್ಲಿ. ಮೊದಲನೆಯದನ್ನು ನೋಡಿದಾಗ ಎಂಟನೇ ಕ್ಲಾಸಿನಲ್ಲಿದ್ದ ಹುಡುಗ ಎರಡನೆಯದು ಬರುವಷ್ಟರಲ್ಲಿ ಪಿಯುಸಿ ಸೇರಿದ್ದ. ಇವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು. ಆದರೆ ಒಬ್ಬ ನಟ ಜನರ ಮನೆಯವನಾಗಬೇಕಾದರೆ ಮೇಲಿಂದ ಮೇಲೆ ಕಾಣಿಸಿಕೊಳ್ಳಬೇಕು. ಮೂರು ವರ್ಷಕ್ಕೊಮ್ಮೆ ದೊಡ್ಡದಾಗಿ ಬಂದು ಹೋದರೆ ಅಭಿಮಾನ ಹುಟ್ಟುತ್ತದೆ, ಸಲಿಗೆ ಹುಟ್ಟುವುದಿಲ್ಲ. ಅಣ್ಣಾವ್ರನ್ನು ನಮ್ಮ ಜನ ಮನೆಯ ಹಿರಿಯರಂತೆ ಕಂಡಿದ್ದು ಆ ಸಲಿಗೆಯಿಂದ.

ಇನ್ನೊಂದು ವಿಷಯ ಬೆಂಗಳೂರಿನಲ್ಲಿ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ. ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ತುಂಗಭದ್ರಾ ಕಾಲುವೆಯ ಉದ್ದಕ್ಕೂ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ, ತೆಲುಗು ಮಾತಾಡುವ ಜನ ಜಾಸ್ತಿ, ಬಳ್ಳಾರಿಯ ಮಾತಂತೂ ಹೇಳುವುದೇ ಬೇಡ. ಕನ್ನಡದ ದೊಡ್ಡ ಸಿನಿಮಾ ಇಲ್ಲ ಅಂದ ಮಾತ್ರಕ್ಕೆ ಟಾಕೀಸಿನವರು ಬೀಗ ಹಾಕಿ ಕೂರುವುದಿಲ್ಲ, ತೆಲುಗು ಸಿನಿಮಾ ಹಾಕುತ್ತಾರೆ. ತಪ್ಪೇನಿಲ್ಲ, ನಾವೂ ನೋಡುತ್ತೇವೆ, ಚಿರಂಜೀವಿ, ಬಾಲಕೃಷ್ಣ ಇಲ್ಲಿ ಮನೆಮಾತು. ಆದರೆ ನಮ್ಮ ನಾಯಕರು ಮೂರು ವರ್ಷ ಕಾಣಿಸದೇ ಹೋದರೆ ಆ ಮೂರು ವರ್ಷದಲ್ಲಿ ಬೆಳೆದ ಮಕ್ಕಳು ಯಾರ ಫೋಟೊ ಇಟ್ಟುಕೊಳ್ಳುತ್ತಾರೆ ಹೇಳಿ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ನಾವು ಬರೀ ಹೀರೊಗಳ ಜಾಗದ ಬಗ್ಗೆ ಮಾತಾಡುತ್ತೇವೆ. ಕೆ.ಎಸ್. ಅಶ್ವತ್ಥ್ ಜಾಗಕ್ಕೆ ಯಾರು ಬಂದರು? ನಮ್ಮ ಕನ್ನಡದ ಹಾಸ್ಯನಟ ಬಾಲಕೃಷ್ಣ, ನರಸಿಂಹರಾಜು, ವಜ್ರಮುನಿ, ಪಂಢರಿಬಾಯಿ, ಲೀಲಾವತಿ ಇವರ ಜಾಗಕ್ಕೆ? ಇದನ್ನು ಯಾರೂ ಕೇಳುವುದೇ ಇಲ್ಲ. 1972ರ ‘ನಾಗರಹಾವು’ ಇನ್ನೊಮ್ಮೆ ನೋಡಿ. ವಿಷ್ಣುವರ್ಧನ್‌ಗೆ ಆಗ 22 ವರ್ಷ, ಜಲೀಲನಾಗಿ ಬಂದ ಅಂಬರೀಶ್‌ಗೆ 20. ಇಬ್ಬರೂ ಹೊಸಬರು. ಆದರೆ ರಾಮಾಚಾರಿಯ ಎದುರು ನಿಂತಿದ್ದು ಯಾರು? ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್. ಆ ಹುಡುಗನ ಸಿಟ್ಟು, ಹಠ, ಅಳು ಎಲ್ಲ ನಮಗೆ ತಾಗಿದ್ದು ಮೇಷ್ಟ್ರ ಮುಖದ ಮೂಲಕ. ರಾಮಾಚಾರಿ ಕೂಗಾಡುತ್ತಾನೆ, ಮೇಷ್ಟ್ರು ಸುಮ್ಮನೆ ನಿಂತು ನೋಡುತ್ತಾರೆ, ಆ ಕಣ್ಣಿನಲ್ಲಿ ಬೇಸರವೂ ಇದೆ, ಪ್ರೀತಿಯೂ ಇದೆ. ಪುಟ್ಟಣ್ಣ ಕಣಗಾಲ್ ಹೊಸ ಹುಡುಗನನ್ನು ಬೆಳೆಸಿದ್ದು ಹೀಗೆ, ಪಳಗಿದವರ ಎದುರು ನಿಲ್ಲಿಸಿ. ಇವತ್ತಿನ ಹುಡುಗನ ಎದುರು ಯಾರಿದ್ದಾರೆ? ಹಸಿರು ಪರದೆ, ಆಮೇಲೆ ಸೇರಿಸುವ ಗ್ರಾಫಿಕ್ಸ್, ಸ್ಲೋ ಮೋಷನ್‌ನಲ್ಲಿ ಹಾರಿ ಬೀಳುವ ಫೈಟರ್‌ಗಳು. ಎಂಟ್ರಿ ಸೀನಿಗೆ ವಾರಗಟ್ಟಲೆ ಶೂಟಿಂಗ್, ಅಪ್ಪ ಮಗ ಕೂತು ಮಾತಾಡುವ ಸೀನು ಒಂದು ನಿಮಿಷಕ್ಕೆ ಮುಗಿದಿರುತ್ತದೆ. ಹೀಗಿದ್ದರೆ ನಟ ಬೆಳೆಯುವುದಾದರೂ ಹೇಗೆ?

ನಮ್ಮ ಕಡೆ ದೊಡ್ಡಾಟ, ಅಂದರೆ ರಾತ್ರಿಯಿಡೀ ಆಡುವ ಬಯಲಾಟ, ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಹಳ್ಳಿಯಲ್ಲಿ ದುರ್ಯೋಧನನ ಪಾತ್ರ ಅಂದರೆ ಒಬ್ಬರಿಗೇ ಮೀಸಲು, ವರ್ಷಗಟ್ಟಲೆ ಅವರೇ ಮಾಡುತ್ತಾರೆ. ಮಂಡಿ ನೋವು ಶುರುವಾಗಿ ಕುಣಿಯುವುದು ಕಷ್ಟವಾದಾಗ ಅವರು ಮನೆಯಲ್ಲಿ ಕೂರುವುದಿಲ್ಲ. ಹಿಮ್ಮೇಳಕ್ಕೆ ಹೋಗಿ ತಾಳ ಹಿಡಿಯುತ್ತಾರೆ, ಇಲ್ಲವೇ ಧೃತರಾಷ್ಟ್ರನೋ ಭೀಷ್ಮನೋ ಆಗುತ್ತಾರೆ. ಕಿರೀಟ, ಭುಜಕೀರ್ತಿ ಓಣಿಯ ಇನ್ನೊಬ್ಬ ಹುಡುಗನಿಗೆ ಹೋಗುತ್ತದೆ. ತಾಲೀಮಿನಲ್ಲಿ ಇವರೇ ಪಕ್ಕದಲ್ಲಿ ಕೂತು ಮಾತು ತಿದ್ದುತ್ತಾರೆ, ಕಾಲು ಎಲ್ಲಿ ಒದೆಯಬೇಕು, ಎಲ್ಲಿ ಉಸಿರು ಹಿಡಿಯಬೇಕು ಅಂತ ಹೇಳಿಕೊಡುತ್ತಾರೆ. ಆಟದ ರಾತ್ರಿ ಆ ಹುಡುಗ ಅಟ್ಟ ಹತ್ತಿದಾಗ ಊರವರು ಹೋಲಿಸುತ್ತಾರೆ, ಹೋಲಿಸದೇ ಇರುತ್ತಾರಾ? ಆದರೆ ಹಿರಿಯರು ಅಲ್ಲೇ ಕೂತು ತಾಳ ಹಾಕುತ್ತಿರುವುದನ್ನು ನೋಡಿ ಬೆಳಗಾಗುವಷ್ಟರಲ್ಲಿ ಹುಡುಗನನ್ನು ಒಪ್ಪಿಕೊಳ್ಳುತ್ತಾರೆ. ಬದುಕಿದ್ದಾಗಲೇ ಪಾತ್ರ ಕೈ ಬದಲಾಗುತ್ತದೆ.

ನಮ್ಮ ಸಿನಿಮಾದಲ್ಲಿ ಹೀಗೆ ಆಗಿದ್ದು ತೀರಾ ಕಡಿಮೆ. ರಾಜ್‌ಕುಮಾರ್, ವಿಷ್ಣುವರ್ಧನ್ ಇಬ್ಬರೂ ಒಟ್ಟಿಗೆ ನಟಿಸಿದ್ದು 1973ರ ‘ಗಂಧದ ಗುಡಿ’ ಒಂದರಲ್ಲೇ. ಆಮೇಲೆ ಅಭಿಮಾನಿಗಳು ಎರಡು ಪಾಳಯವಾದರು, ಇಬ್ಬರೂ ಮತ್ತೆ ಒಂದು ಪರದೆಯ ಮೇಲೆ ಬರಲೇ ಇಲ್ಲ. ಎಂಥಾ ನಷ್ಟ! ವಿಷ್ಣು 59ನೇ ವಯಸ್ಸಿನಲ್ಲಿ ಹೋದರು, ಕೊನೆಯ ಸಿನಿಮಾ ‘ಆಪ್ತರಕ್ಷಕ’ ಅವರು ಹೋದ ಮೇಲೆ ಬಂತು, ಅದರಲ್ಲೂ ಅವರೇ ನಾಯಕ. ಅಂದರೆ ಜಾಗ ಖಾಲಿ ಅನ್ನೋ ಮಾತು ಬರುವುದೇ ಸಾವಿನ ದಿನ. ಅಷ್ಟು ದುಃಖದಲ್ಲಿರುವ ಜನರ ಮುಂದೆ ಯಾವ ಹೊಸ ಹುಡುಗನನ್ನು ತಂದು ನಿಲ್ಲಿಸಿದರೂ ಅವನು ಸೋಲುತ್ತಾನೆ. ಅಪ್ಪು ವಿಷಯದಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ಪುನೀತ್ ಹೋದ ಆ 2021ರ ಅಕ್ಟೋಬರ್ 29 ಯಾರಿಗೆ ಮರೆಯುತ್ತದೆ? ಪಕ್ಕದ ಹೊಸಪೇಟೆಯಲ್ಲಿ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಆ ಪ್ರೀತಿ ಇರಲಿ, ಇರಲೇಬೇಕು. ಆದರೆ 2024ರಲ್ಲಿ ಅದೇ ಮನೆಯ ಯುವ ರಾಜ್‌ಕುಮಾರ್ ಮೊದಲ ಸಿನಿಮಾ ಮಾಡಿದಾಗ ಟ್ರೇಲರ್ ಬಂದ ಗಳಿಗೆಯಿಂದ ಚಿಕ್ಕಪ್ಪನ ಜೊತೆ ತೂಗಿ ನೋಡುವುದು ಶುರುವಾಯಿತು. ಮೊದಲ ಸಿನಿಮಾದ ಹುಡುಗ ಅಷ್ಟು ಭಾರ ಹೇಗೆ ಹೊರಬೇಕು?

ಆದರೆ ಒಳ್ಳೆಯ ಉದಾಹರಣೆಗಳೂ ಇವೆ. 2018ರ ‘ಅಂಬಿ ನಿಂಗ್ ವಯಸ್ಸಾಯ್ತೋ’ದಲ್ಲಿ ಅಂಬರೀಶ್ ತಮ್ಮ ವಯಸ್ಸಿನ ಪಾತ್ರವನ್ನೇ ಮಾಡಿದರು, ಅವರ ಹರೆಯದ ಭಾಗವನ್ನು ಸುದೀಪ್ ಮಾಡಿದರು. ನನ್ನ ಮಟ್ಟಿಗೆ ದೊಡ್ಡಾಟದ ಕಿರೀಟ ಕೈ ಬದಲಾದಂತೆಯೇ ಇತ್ತು ಅದು. ಸಿನಿಮಾ ಬಂದು ಎರಡು ತಿಂಗಳಿಗೆ ಅಂಬರೀಶ್ ಹೋಗಿಬಿಟ್ಟರು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ಬಂತು. ಮರೆವಿನ ಕಾಯಿಲೆಯ ತಂದೆಯಾಗಿ ಅನಂತ್ ನಾಗ್, ಹುಡುಕುತ್ತಾ ಅಲೆಯುವ ಮಗನಾಗಿ ರಕ್ಷಿತ್ ಶೆಟ್ಟಿ. ಅನಂತ್ ನಾಗ್ ಅವರಿಗೆ ಆಗ 67, ಅವರ ಅತ್ಯುತ್ತಮ ಪಾತ್ರಗಳಲ್ಲಿ ಒಂದು ಆ ವಯಸ್ಸಿನಲ್ಲಿ ಬಂತು, ರಕ್ಷಿತ್ ಕೂಡ ಬೇರೆಯದೇ ನಟನಾಗಿ ಕಂಡರು. ‘ಕೆಜಿಎಫ್’ ಮೊದಲ ಭಾಗದಲ್ಲಿ ಕಥೆ ಹೇಳುವ ಆನಂದ್ ಇಂಗಳಗಿಯಾಗಿ ಅನಂತ್ ನಾಗ್ ಇದ್ದರು, ಎರಡನೇ ಭಾಗಕ್ಕೆ ಅವರಿಲ್ಲದಾಗ ಅದೇ ಪಾತ್ರವನ್ನು ಇನ್ನೊಬ್ಬರಿಗೆ ಕೊಡದೆ ಇಂಗಳಗಿಯ ಮಗ ಅಂತ ಹೊಸ ಪಾತ್ರ ಬರೆದು ಪ್ರಕಾಶ್ ರಾಜ್ ಅವರನ್ನು ತಂದರು. ನನಗೆ ಅದು ಗೌರವದ ದಾರಿ ಅನ್ನಿಸಿತು. ಇನ್ನು ಶಿವಣ್ಣ. 125ಕ್ಕೂ ಹೆಚ್ಚು ಸಿನಿಮಾ ಮಾಡಿದವರು ‘ಜೈಲರ್’ನಲ್ಲಿ ರಜನಿಕಾಂತ್ ಜೊತೆ ಕೆಲವೇ ನಿಮಿಷ ಬಂದು ಹೋದರು. ಮರ್ಯಾದೆ ಏನಾದರೂ ಕಡಿಮೆಯಾಯಿತಾ? ಅವರು ಬಂದಾಗ ಟಾಕೀಸಿನಲ್ಲಿ ಬಿದ್ದ ಶಿಳ್ಳೆ ಕೇಳಬೇಕಿತ್ತು. ಹಿರಿಯರು ಚಿಕ್ಕ ಪಾತ್ರ ಮಾಡಿದರೆ ಅಭಿಮಾನಿಗಳು ಒಪ್ಪುವುದಿಲ್ಲ ಅನ್ನುವುದು ನಿರ್ಮಾಪಕರ ಭಯ ಅಷ್ಟೇ, ಜನರದ್ದಲ್ಲ.

ಹೆಣ್ಣುಮಕ್ಕಳ ವಿಷಯ ಬಿಟ್ಟರೆ ಅನ್ಯಾಯವಾಗುತ್ತದೆ. ಜಯಂತಿ ನಮ್ಮ ಬಳ್ಳಾರಿಯಲ್ಲಿ ಹುಟ್ಟಿದವರು, ಅಭಿನಯ ಶಾರದೆ. 2021ರಲ್ಲಿ ಅವರು ಹೋದಾಗ ಅವರ ಜಾಗ ಯಾರು ತುಂಬುತ್ತಾರೆ ಅಂತ ಒಬ್ಬರೂ ಚರ್ಚೆ ಮಾಡಿದ್ದನ್ನು ನಾನು ನೋಡಲಿಲ್ಲ. ಕಲ್ಪನಾ ಅವರ ‘ಶರಪಂಜರ’, ಜಯಂತಿ ಅವರ ‘ಎಡಕಲ್ಲು ಗುಡ್ಡದ ಮೇಲೆ’ ಎರಡೂ ಎಪ್ಪತ್ತರ ದಶಕದ ಶುರುವಿನಲ್ಲಿ ಬಂದವು. ಇಡೀ ಸಿನಿಮಾ ನಾಯಕಿಯ ಹೆಗಲ ಮೇಲೆ. ಇವತ್ತು ನಾಯಕಿ ಮೂರು ಹಾಡು, ನಾಲ್ಕು ಸೀನಿಗೆ ಬರುತ್ತಾಳೆ, ಎರಡು ಸಿನಿಮಾ ಆದ ಮೇಲೆ ಬೇರೆ ಮುಖ. ಉಮಾಶ್ರೀ ಅವರಂಥ ರಾಷ್ಟ್ರಪ್ರಶಸ್ತಿ ಪಡೆದ ನಟಿಗೆ 60 ದಾಟಿದ ಮೇಲೆ ದಿನಾ ಮನೆಮನೆಗೆ ಬರುವಂಥ ಪಾತ್ರ ಕೊಟ್ಟಿದ್ದು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ, ಸಿನಿಮಾ ಅಲ್ಲ. ನಮ್ಮ ಮನೆಯ ಹೆಂಗಸರು ಟಾಕೀಸು ಬಿಟ್ಟು ಟಿವಿ ಮುಂದೆ ಕೂತಿದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ, ಯಾರನ್ನೂ ‘ಮುಂದಿನ ಅಣ್ಣಾವ್ರು’, ‘ಇನ್ನೊಬ್ಬ ಅಪ್ಪು’ ಅಂತ ತಲೆಬರಹದಲ್ಲಿ ಬರೆಯಬೇಡಿ. ‘ಮಹಾಕವಿ ಕಾಳಿದಾಸ’ದ ಹೊನ್ನಪ್ಪ ಭಾಗವತರ್ ಆ ಕಾಲದ ದೊಡ್ಡ ನಟ, ಗಾಯಕ. ರಾಜ್‌ಕುಮಾರ್ ಎರಡನೇ ಹೊನ್ನಪ್ಪ ಭಾಗವತರ್ ಆಗಲಿಲ್ಲ, ರಾಜ್‌ಕುಮಾರ್ ಆದರು. ಅದೇ ಅವಕಾಶ ಈಗಿನವರಿಗೂ ಇರಲಿ. ಯಾವ ನಟ ವರ್ಷಕ್ಕೆ ಎರಡು ಸಿನಿಮಾ ಮಾಡುತ್ತಾನೆ, ಯಾವುದರಲ್ಲಿ ಹೊಸ ಥರದ ಪಾತ್ರ ಮಾಡಿದ್ದಾನೆ, ಜೊತೆಗೆ ಯಾವ ಹಿರಿಯರಿದ್ದಾರೆ, ಇದನ್ನು ಬರೆಯಿರಿ. ಸಾವಿರ ಕೋಟಿ ಲೆಕ್ಕ ಕಡಿಮೆ ಮಾಡಿ.

ಎರಡನೆಯದು ಗಾಂಧಿನಗರದ ಸಿನಿಮಾ ಮಂದಿಗೆ. ಎಲ್ಲ ಸಿನಿಮಾನೂ ಪ್ಯಾನ್ ಇಂಡಿಯಾ ಆಗಬೇಕಿಲ್ಲ. ಒಂದು ದೊಡ್ಡ ಸಿನಿಮಾ ಮಾಡುವಾಗ ನಡುವೆ ಒಂದು ಸಣ್ಣದು ಮಾಡಿ, ಸೋತರೂ ಪರವಾಗಿಲ್ಲ. ಹೊಸ ಮುಖ ಹುಡುಕುವಾಗ ಬೆಂಗಳೂರಿನ ಜಿಮ್ಮುಗಳಲ್ಲಿ ಮಾತ್ರ ಹುಡುಕಬೇಡಿ. ರಾಜ್‌ಕುಮಾರ್, ನರಸಿಂಹರಾಜು ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದವರಲ್ವಾ? ನಮ್ಮ ಜಿಲ್ಲೆಗಳಲ್ಲಿ ಜಾತ್ರೆ ಬಂದರೆ ಈಗಲೂ ನಾಟಕ, ಬಯಲಾಟ ನಡೆಯುತ್ತವೆ. ಮೈಕ್ ಕೈಕೊಟ್ಟರೂ ಹಿಂದಿನ ಸಾಲಿಗೆ ಮಾತು ಮುಟ್ಟಿಸುವ ಹುಡುಗ ಹುಡುಗಿಯರು ಇಲ್ಲಿದ್ದಾರೆ. 2024ರಲ್ಲಿ ಬಂದ ‘ಫೋಟೊ’ ಸಿನಿಮಾದಲ್ಲಿ ರಾಯಚೂರು ಕಡೆಯ ಬಡ ಕುಟುಂಬವೊಂದರ ಲಾಕ್‌ಡೌನ್ ಕಥೆಯನ್ನು ನಮ್ಮದೇ ಭಾಷೆಯಲ್ಲಿ ತೋರಿಸಿದರು, ದೊಡ್ಡ ಸ್ಟಾರ್ ಯಾರೂ ಇರಲಿಲ್ಲ, ನೋಡಿದವರು ಕಣ್ಣೀರು ಹಾಕಿದರು. ಅಂಥದ್ದು ನಮ್ಮ ತಾಲೂಕುಗಳ ಟಾಕೀಸಿಗೆ ಬಂದು ಒಂದು ವಾರವಾದರೂ ನಿಲ್ಲುವಂತೆ ವಿತರಕರು ನೋಡಿಕೊಳ್ಳಲಿ. ಈ ಸಲ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನಿರ್ದೇಶಕರು ಯಾರಾದರೂ ಬರುವುದಾದರೆ, ತೇರು ನೋಡಿದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ನಡೆಯುವ ಆಟಗಳನ್ನೂ ನೋಡಿಕೊಂಡು ಹೋಗಲಿ.

ಇಂತಿ,
ಒಬ್ಬ ಸಿನಿಮಾ ಪ್ರೇಮಿ
ಗಂಗಾವತಿ, ಕೊಪ್ಪಳ ಜಿಲ್ಲೆ